ವೈಫೈ ಕನೆಕ್ಟ್ ಅದ, ಇಂಟರ್ನೆಟ್ ಇಲ್ಲ: ಎರಡು ರೌಟರ್ ಇರೋ ಮನಿಯಾಗ ಡಿಎಚ್‌ಸಿಪಿ, ಡಿಎನ್‌ಎಸ್ ತಪಾಸಣೆ

ಸೇಡಂ_ರೋಡ್_ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಮನಿ ಎರಡು ಅಂತಸ್ತಿಂದು, ಗೋಡಿ ಶಹಾಬಾದ್ ಕಲ್ಲಿಂದು. ಫೈಬರ್ ಡಬ್ಬಿ ಕೆಳಗ ಹಾಲ್‌ನ್ಯಾಗ ಅದ. ಮ್ಯಾಲ ಸಿಗ್ನಲ್ ಹತ್ತಂಗಿಲ್ಲ ಅಂತ ಲ್ಯಾನ್ ವೈರ್ ಎಳದು ಇನ್ನೊಂದು ರೌಟರ್ ಹಚ್ಚಿದ್ದದ. ವೈರ್ ಅದರ ಹಳದಿ (ಲ್ಯಾನ್, ಅಂದ್ರ ಮನಿಯೊಳಗಿನ ಕಡೆಯ) ಪೋರ್ಟ್‌ನ್ಯಾಗ ಅದ, ನೀಲಿ (ವ್ಯಾನ್, ಅಂದ್ರ ಹೊರಗಿನ ಇಂಟರ್ನೆಟ್ ಕಡೆಯ) ಪೋರ್ಟ್ ಖಾಲಿ. ಡಿವಿಆರ್ (ಕ್ಯಾಮೆರಾ ರೆಕಾರ್ಡರ್), ಪ್ರಿಂಟರ್ ಎರಡೂ ಕೆಳಗ.

ಕರೆಂಟ್ ಹೋಗಿ ಬಂದ ಮ್ಯಾಲ ಕೆಲವು ಫೋನ್ ಚಲೋ ನಡೀತಾವ, ಕೆಲವು 'ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ' ಅಂತಾವ. ಕೆಳಗ ಡಬ್ಬಿ ಬಾಜು ಕುಂತರೂ ಹಂಗೇ. ಡಿವಿಆರ್ ಆ್ಯಪ್‌ನ್ಯಾಗ ನಡು ನಡುವೆ ಆಫ್‌ಲೈನ್ ತೋರಿಸ್ತದ. ಲ್ಯಾಪ್‌ಟಾಪ್‌ನ್ಯಾಗ ಡಿಎನ್‌ಎಸ್ (ಸೈಟ್ ಹೆಸರಿಗೆ ಅಂಕಿ ವಿಳಾಸ ಹುಡುಕಿಕೊಡೋ ಸರ್ವರ್) ಗೂಗಲ್‌ನ 8.8.8.8 ಹಾಕಿ ನೋಡಿದ್ರೂ ಫರಕ ಬಿದ್ದಿಲ್ಲ. ವಿಂಡೋಸ್ ಕಮಾಂಡ್ ಕಿಟಕಿಯಾಗ ಐಪಿಕಾನ್ಫಿಗ್ /ಆಲ್ ಹೊಡೆದ್ರ ಬಂದದ್ದು ಇದು:

ಐಪಿವಿ4 ವಿಳಾಸ: 192.168.0.104
ಸಬ್‌ನೆಟ್ ಮಾಸ್ಕ್: 255.255.255.0
ಡೀಫಾಲ್ಟ್ ಗೇಟ್‌ವೇ: 192.168.0.1
ಡಿಎಚ್‌ಸಿಪಿ ಸರ್ವರ್: 192.168.0.1

ಫೈಬರ್ ಡಬ್ಬಿ ವಿಳಾಸ 192.168.1.1. ಎಲ್ಲಿಂದ ಶುರು ಮಾಡಬೇಕ್ರಿ?

ಬೀದರ್_ಲ್ಯಾನ್

ಡಿಎನ್‌ಎಸ್ ಸದ್ಯ ಮುಟ್ಟಬ್ಯಾಡ್ರಿ ಸರ್. ಉತ್ತರ ನೀವು ಹಾಕಿದ ಕೊನೆ ಸಾಲಿನ್ಯಾಗೇ ಅದ. ಡಿಎಚ್‌ಸಿಪಿ ಅಂದ್ರ ಸಾಧನಗಳಿಗೆ ವಿಳಾಸ ಹಂಚೋ ಕೆಲಸ. ಇಲ್ಲಿ ವಿಳಾಸ ಕೊಟ್ಟದ್ದು ಫೈಬರ್ ಡಬ್ಬಿ ಅಲ್ಲ, ಮ್ಯಾಲಿನ ರೌಟರ್. ಮನಿಯಾಗ ನೆಟ್ ಕೈಕೊಟ್ರ ಮೊದಲು ನೋಡಬೇಕಾದ್ದು ಎರಡೇ: ವಿಳಾಸ ಯಾರು ಕೊಟ್ಟಾರ, ಹೆಸರು ಕೇಳಿದ್ರ ಉತ್ತರ ಯಾರು ಕೊಡ್ಲಕತ್ತಾರ. ಇದು ನೋಡದೇ ಸೆಟ್ಟಿಂಗ್ ಬದಲಿಸಿದ್ರ ಇದ್ದ ತೊಂದರಿ ಮ್ಯಾಲ ಇನ್ನೊಂದು ಕೂಡ್ತದ.

ವೈರ್ ಲ್ಯಾನ್ ಪೋರ್ಟ್‌ಗೆ ಹಚ್ಚಿದಾಗ ಕೆಳಗಿಂದು, ಮ್ಯಾಲಿಂದು ಎರಡೂ ಒಂದೇ ನೆಟ್‌ವರ್ಕ್ ಆಗ್ತಾವ. ಫೋನ್ 'ನನಗೊಂದು ವಿಳಾಸ ಕೊಡ್ರಿ' ಅಂತ ಇಡೀ ನೆಟ್‌ವರ್ಕ್‌ಗೆ ಕೂಗ್ತದ. ಸರ್ವರ್ ಆ ಕೂಗು ಯುಡಿಪಿ 67 ಅನ್ನೋ ಪೋರ್ಟ್ ನಂಬರ್ ಮ್ಯಾಲ ಕೇಳಿಸ್ಕೊಳ್ತದ, ಫೋನ್ ಉತ್ತರಾನ 68ರ ಮ್ಯಾಲ. ಎರಡು ಡಿಎಚ್‌ಸಿಪಿ ಸರ್ವರ್ ಇದ್ದರ ಎರಡೂ ಉತ್ತರ ಕೊಡ್ತಾವ, ಸಾಮಾನ್ಯವಾಗಿ ಮೊದಲು ಮುಟ್ಟಿದ್ದನ್ನ ಫೋನ್ ಹಿಡೀತದ. ಮ್ಯಾಲಿನ ರೌಟರ್ ಕಡೆಯಿಂದ ಸಿಕ್ಕರ ಗೇಟ್‌ವೇ (ಹೊರಗ ಹೋಗೋ ಬಾಗಿಲು) 192.168.0.1 ಆಗ್ತದ. ಆದ್ರ ಅದರ ವ್ಯಾನ್ ಪೋರ್ಟ್ ಖಾಲಿ. ಹೊರಗ ಹೋಗಲಿಕ್ಕೆ ದಾರಿನೇ ಇಲ್ಲ. 8.8.8.8 ಹಾಕಿದ್ರೂ ಆ ಪ್ಯಾಕೆಟ್ ಅದೇ ಗೇಟ್‌ವೇ ಮುಂದ ಹೋಗಿ ನಿಲ್ತದ, ಅದಕ್ಕೇ ಫರಕ ಬೀಳಲಿಲ್ಲ.

ಕರೆಂಟ್ ಬಂದಾಗಲೇ ಹೆಚ್ಚಾಗೋದಕ್ಕೂ ಕಾರಣ ಅದ. ಸಣ್ಣ ರೌಟರ್ ಲಗೂನ ಎದ್ದು ಕುಂಡ್ರತದ, ಫೈಬರ್ ಡಬ್ಬಿಗೆ ತಡ ಆಗ್ತದ. ಆ ನಡುವೆ ಕೇಳಿದ ಎಲ್ಲರಿಗೂ ಮ್ಯಾಲಿನ ರೌಟರೇ ವಿಳಾಸ ಹಂಚಿರ್ತದ.

ಖಾತ್ರಿ ಮಾಡ್ಕೊಳ್ರಿ: ಮ್ಯಾಲಿನ ರೌಟರ್‌ನ ವೈರ್ ಕಿತ್ತು, ಲ್ಯಾಪ್‌ಟಾಪ್ ಕೆಳಗಿನ ವೈಫೈಗೆ ಹಚ್ಚಿ, ಐಪಿಕಾನ್ಫಿಗ್ /ರಿಲೀಸ್, ಆಮ್ಯಾಲ ಐಪಿಕಾನ್ಫಿಗ್ /ರಿನ್ಯೂ. 192.168.1 ಇಂದ ಶುರುವಾಗೋ ವಿಳಾಸ ಬಂದು ನೆಟ್ ನಡೆದ್ರ ರೋಗ ಇದೇ.

ಶಹಾಪುರ_ಸ್ವಿಚ್

ಇದಕ್ಕೆ ಒಂದು ಮಾತು ಸೇರಿಸಬೇಕು. ತಪ್ಪು ಸರ್ವರ್ ಬರೀ ಹೊಸಬರಿಗೆ ವಿಳಾಸ ಕೊಟ್ಟು ಸುಮ್ಮನಿರೋದಿಲ್ಲ. ಮೊದಲೇ 192.168.1.23 ಇದ್ದ ಫೋನ್ ಮತ್ತೆ ವೈಫೈಗೆ ಸೇರುವಾಗ 'ನನ್ನ ಹಳೇ ವಿಳಾಸ ನಡೆಯುತ್ತಾ' ಅಂತ ಕೇಳುತ್ತದೆ. ಮೇಲಿನ ರೌಟರ್‌ಗೆ ಗೊತ್ತಿರೋದು 192.168.0 ಮಾತ್ರ, ಹಾಗಾಗಿ ಅದು 'ನಡೆಯೋದಿಲ್ಲ' ಅನ್ನೋ ನ್ಯಾಕ್ ಸಂದೇಶ ಕಳಿಸಬಹುದು. ಫೋನ್ ಸರಿಯಿದ್ದ ವಿಳಾಸವನ್ನೇ ಬಿಟ್ಟು ಹೊಸದು ಕೇಳುತ್ತದೆ. ಬೆಳಿಗ್ಗೆ ನಡೆಯುತ್ತಿದ್ದ ಫೋನ್ ಸಂಜೆ ಮನೆಗೆ ಬಂದ ಕೂಡಲೇ ಕೆಡೋದು ಹೀಗೆ.

ಸೇಡಂ_ರೋಡ್_ಕಲಬುರಗಿ

ವೈರ್ ಕಿತ್ತು ನೋಡಿದ್ರ 192.168.1.14 ಬಂತು, ನೆಟ್ ನಡೀತು. ಈಗ ಮ್ಯಾಲಿನ ರೌಟರ್ ಹೆಂಗ ಇಡಬೇಕ್ರಿ? ವೈರ್ ನೀಲಿ ಪೋರ್ಟ್‌ಗೆ ಹಾಕಿದ್ರ ಸಾಕಾ?

ಬೀದರ್_ಲ್ಯಾನ್

ನೀಲಿ ಪೋರ್ಟ್‌ಗೆ ಹಾಕಿದ್ರ ನೆಟ್ ಬರ್ತದ, ಆದ್ರ ಮ್ಯಾಲಿಂದು ಬ್ಯಾರೆ ನೆಟ್‌ವರ್ಕ್ ಆಗ್ತದ. ಮ್ಯಾಲಿನ ಫೋನ್‌ಗೆ ಕೆಳಗಿನ ಪ್ರಿಂಟರ್ ತಾನಾಗೇ ಕಾಣಂಗಿಲ್ಲ, ಟಿವಿಗೆ ಕಾಸ್ಟ್ ಆಗಂಗಿಲ್ಲ. ಎರಡೂ ರೌಟರ್ 192.168.1.1 ಇದ್ದರ ಅದೂ ನಡಿಯಂಗಿಲ್ಲ, ವ್ಯಾನ್ ಕಡೆ, ಲ್ಯಾನ್ ಕಡೆ ಒಂದೇ ಸಬ್‌ನೆಟ್ (ವಿಳಾಸಗಳ ಗುಂಪು) ಆಗಿ ದಾರಿ ತಪ್ತದ. ಬಾಡಿಗಿಗೆ ಕೊಟ್ಟ ಪೋರ್ಷನ್ ಇದ್ದು, ಅವರನ್ನ ಬ್ಯಾರೆ ಇಡಬೇಕಂದ್ರ ಮಾತ್ರ ಇದು ಚಲೋ.

ಒಂದೇ ಮನಿ ಮಂದಿ ಇದ್ದರ ಅದನ್ನ ಆಕ್ಸೆಸ್ ಪಾಯಿಂಟ್ (ವಿಳಾಸ ಹಂಚದೇ ಬರೀ ವೈಫೈ ಕೊಡೋ ಸಾಧನ) ಮಾಡ್ರಿ. ಹೆಜ್ಜಿ ಹಿಂದ ಮುಂದ ಮಾಡಬ್ಯಾಡ್ರಿ.

ಕೆಳಗಿನ ವೈರ್ ಕಿತ್ತಿಟ್ಟು, ಲ್ಯಾಪ್‌ಟಾಪ್‌ನ್ನ ಮ್ಯಾಲಿನ ರೌಟರ್‌ಗೆ ವೈರ್‌ಲೇ ಹಚ್ಚಿ 192.168.0.1 ತೆರೀರಿ. ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಹಾಕ್ರಿ. ಆಮ್ಯಾಲ ಲ್ಯಾನ್ ಸೆಟ್ಟಿಂಗ್‌ನ್ಯಾಗ ರೌಟರ್‌ನ ಸ್ವಂತ ವಿಳಾಸ 192.168.1.2, ಮಾಸ್ಕ್ 255.255.255.0 ಮಾಡಿ ಸೇವ್ ಕೊಡ್ರಿ. ಅದು ರೀಸ್ಟಾರ್ಟ್ ಆಗ್ತದ. ಈಗ 192.168.1.2ಕ್ಕೆ ಹೋಗಿ ಲಾಗಿನ್ ಆಗಿ ಡಿಎಚ್‌ಸಿಪಿ ಬಂದ್ ಮಾಡ್ರಿ. ಕೊನೀಗೆ ಕೆಳಗಿಂದ ಬಂದ ವೈರ್ ಹಳದಿ ಪೋರ್ಟ್‌ಗೇ ಹಚ್ಚಿ ಲ್ಯಾಪ್‌ಟಾಪ್ ವೈರ್ ತೆಗೀರಿ. ನೀಲಿ ಪೋರ್ಟ್ ಖಾಲಿನೇ ಇರ್ಲಿ.

ವಿಳಾಸ ಬದಲಿಸೋಕ್ಕಿಂತ ಮೊದಲೇ ಡಿಎಚ್‌ಸಿಪಿ ಬಂದ್ ಮಾಡಿ ವೈರ್ ಕಿತ್ತು ಹಚ್ಚಿದ್ರ ಲ್ಯಾಪ್‌ಟಾಪ್‌ಗೆ ವಿಳಾಸನೇ ಸಿಗಂಗಿಲ್ಲ, 169.254 ಇಂದ ಶುರುವಾಗೋ ನಂಬರ್ ಬರ್ತದ, ರೌಟರ್ ಪುಟ ತೆರಿಯಂಗಿಲ್ಲ. ಅಂಥಾ ವ್ಯಾಳ್ಯಾದಾಗ ರೀಸೆಟ್ ಬ್ಯಾಡ. ಲ್ಯಾಪ್‌ಟಾಪ್‌ಗೆ ಕೈಯಿಂದ 192.168.0.50 ಹಾಕಿದ್ರ 192.168.0.1 ಮತ್ತ ಸಿಗ್ತದ.

ರೌಟರ್‌ನ್ಯಾಗ 'ಆಕ್ಸೆಸ್ ಪಾಯಿಂಟ್ ಮೋಡ್' ಅಂತ ಆಯ್ಕೆ ಇದ್ದರ ಅದೊಂದು ಒತ್ತಿದ್ರ ಸಾಕು. ಆದ್ರ ಆಗ ಅದು ತನ್ನ ವಿಳಾಸನೂ ಫೈಬರ್ ಡಬ್ಬಿಯಿಂದ ಇಸ್ಕೊಳ್ತದ. ಹಳೇ 192.168.0.1ನ್ಯಾಗ ಕಾಣಂಗಿಲ್ಲ, ಡಬ್ಬಿಯ ಕನೆಕ್ಟೆಡ್ ಡಿವೈಸ್ ಪಟ್ಟಿಯೊಳಗ ಹುಡುಕಬೇಕು.

ಎರಡಕ್ಕೂ ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯೂರಿಟಿ ನಮೂನಿ ಒಂದೇ ಇಡ್ರಿ. 2.4 ಗಿಗಾಹರ್ಟ್ಸ್‌ನ್ಯಾಗ ಚಾನಲ್ ಬ್ಯಾರೆ ಇರ್ಲಿ: ಕೆಳಗ 1, ಮ್ಯಾಲ 6 ಇಲ್ಲಾ 11.

ಶಹಾಪುರ_ಸ್ವಿಚ್

ಈಗ ಡಿವಿಆರ್ ವಿಚಾರ. ಅದಕ್ಕೆ ಸ್ಥಿರ ವಿಳಾಸ ಏನಿದೆ ನೋಡಿ ಸರ್. ದಾಹುವಾ ಉಪಕರಣಗಳು ಕಾರ್ಖಾನೆಯಿಂದ 192.168.1.108 ಹಾಕಿಕೊಂಡು ಬರುತ್ತವೆ, ಹಿಕ್‌ವಿಷನ್ 192.168.1.64. ಇನ್‌ಸ್ಟಾಲ್ ಮಾಡಿದವರು ಅದನ್ನೇ ಬಿಟ್ಟಿರುತ್ತಾರೆ. ಡಬ್ಬಿಯ ಡಿಎಚ್‌ಸಿಪಿ ಪೂಲ್ (ಹಂಚಲು ಇಟ್ಟ ವಿಳಾಸಗಳ ಸಾಲು) 192.168.1.2ರಿಂದ 254ರವರೆಗೆ ಇದ್ದರೆ ಯಾವತ್ತಾದರೊಂದು ದಿನ ಅದೇ 108 ಯಾವುದೋ ಫೋನ್‌ಗೂ ಹೋಗುತ್ತದೆ. ಆ ಫೋನ್ ಮನೆಯಲ್ಲಿದ್ದಷ್ಟು ಹೊತ್ತು ಡಿವಿಆರ್ ಬರುತ್ತಾ ಹೋಗುತ್ತಾ ಇರುತ್ತದೆ.

ಪರೀಕ್ಷೆ: ಡಿವಿಆರ್‌ನ ಲ್ಯಾನ್ ವೈರ್ ತೆಗೆದು, ಲ್ಯಾಪ್‌ಟಾಪ್‌ನಿಂದ ಪಿಂಗ್ 192.168.1.108 (ಆ ವಿಳಾಸ ಉತ್ತರ ಕೊಡುತ್ತದಾ ನೋಡುವ ಆದೇಶ) ಹೊಡೆದು, ತಕ್ಷಣ ಎಆರ್‌ಪಿ -ಎ (ಯಾವ ವಿಳಾಸದಲ್ಲಿ ಯಾವ ಸಾಧನ ಇದೆ ಅಂತ ತೋರಿಸುವ ಆದೇಶ) ಹೊಡೆಯಿರಿ. ಪಿಂಗ್‌ಗೆ ಉತ್ತರ ಬಾರದಿದ್ದರೂ ನಂಬಬೇಡಿ, ಕೆಲವು ಸಾಧನಗಳು ಪಿಂಗ್‌ಗೆ ಉತ್ತರ ಕೊಡೋದಿಲ್ಲ. ಎಆರ್‌ಪಿ ಪಟ್ಟಿಯಲ್ಲಿ ಡಿವಿಆರ್‌ನದ್ದಲ್ಲದ ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಗುರುತು ಸಂಖ್ಯೆ) 108ರ ಎದುರು ಕಂಡರೆ ಅಲ್ಲಿ ಇನ್ನೊಬ್ಬರಿದ್ದಾರೆ ಅಂತಲೇ ಅರ್ಥ.

ಪರಿಹಾರ: ಡಬ್ಬಿಯಲ್ಲಿ ಪೂಲ್ 192.168.1.50ರಿಂದ 199 ಮಾಡಿ. ಅಲ್ಲಿಗೆ 150 ವಿಳಾಸ, ಮನೆಗೆ ಧಾರಾಳ. 50ಕ್ಕಿಂತ ಕೆಳಗಿನವು ಕೈಯಿಂದ ಹಾಕೋದಕ್ಕೆ: ಮೇಲಿನ ರೌಟರ್ 2, ಪ್ರಿಂಟರ್ 20, ಡಿವಿಆರ್ 30. ಡಿವಿಆರ್ ಮೆನುವಿನ ನೆಟ್‌ವರ್ಕ್ ವಿಭಾಗದಲ್ಲಿ ವಿಳಾಸ 192.168.1.30, ಗೇಟ್‌ವೇ 192.168.1.1 ಹಾಕಿ. ಡಿಎನ್‌ಎಸ್ ಜಾಗ ಖಾಲಿ ಬಿಡಬೇಡಿ. ಮೊಬೈಲ್ ಆ್ಯಪ್‌ಗೆ ಡಿವಿಆರ್ ತನ್ನ ಕ್ಲೌಡ್ ಸರ್ವರನ್ನು ಹೆಸರಿನಿಂದಲೇ ಹುಡುಕಬೇಕು. ಡಿಎನ್‌ಎಸ್ ಇಲ್ಲದಿದ್ದರೆ ಮನೆಯೊಳಗೆ ಕ್ಯಾಮೆರಾ ಕಾಣುತ್ತದೆ, ಹೊರಗೆ ಹೋದರೆ ಆಫ್‌ಲೈನ್.

ಪ್ರಿಂಟರ್‌ಗೆ ಕೈಯಿಂದ ಹಾಕೋ ಬದಲು ಡಬ್ಬಿಯಲ್ಲೇ ಮ್ಯಾಕ್‌ಗೆ ವಿಳಾಸ ಕಟ್ಟುವ ರಿಸರ್ವೇಶನ್ ಮಾಡಿದರೂ ಸರಿ. ಫೋನ್‌ಗಳಿಗೆ ಮಾಡೋದಿದ್ದರೆ ಮೊದಲು ಆ ವೈಫೈನಲ್ಲಿ ರ‍್ಯಾಂಡಮ್ ಮ್ಯಾಕ್ ಆಯ್ಕೆ ತೆಗೆದು 'ಫೋನ್ ಮ್ಯಾಕ್' ಇಡಿ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಪ್ರತಿ ವೈಫೈಗೂ ಬೇರೆ ಮ್ಯಾಕ್ ತೋರಿಸೋದೇ ಡೀಫಾಲ್ಟ್.

ಹಾಸ್ಟೆಲ್_ವೈಫೈ_ಯಾದಗಿರಿ

ರ‍್ಯಾಂಡಮ್ ಮ್ಯಾಕ್ ಮಾತು ಬಂತಲ್ರಿ, ಪಿಜಿ, ಹಾಸ್ಟೆಲ್ ನಡೆಸೋರಿಗೆ ಇದು ದೊಡ್ಡ ತಲಿನೋವು. ಪೂಲ್ 100ರಿಂದ 199, ಅಂದ್ರ ನೂರು ವಿಳಾಸ. ಲೀಸ್ (ವಿಳಾಸ ಕೊಟ್ಟಿಡೋ ಅವಧಿ) ಒಂದು ದಿನ. ಹುಡುಗರು 40 ಮಂದಿ ಇದ್ದರ ಫೋನ್, ಲ್ಯಾಪ್‌ಟಾಪ್ ಕೂಡಿ 80. ನೋಡ್ಲಿಕ್ಕೆ ಬಂದ ತಂದಿ ತಾಯಿ, ಗೆಳ್ಯಾರು, 'ಫರ್ಗೆಟ್ ನೆಟ್‌ವರ್ಕ್' ಒತ್ತಿ ಮತ್ತ ಹಚ್ಚಿದಾಗ ಕೆಲವು ಫೋನ್ ತೋರಿಸೋ ಹೊಸ ಮ್ಯಾಕ್, ಎಲ್ಲಾ ಸೇರಿ ನೂರು ತುಂಬ್ತದ. ಹೋದವರ ವಿಳಾಸ ಮರುದಿನದ ತನಕ ಬಿಡುಗಡಿ ಆಗಂಗಿಲ್ಲ. ಹೊಸಬರ ಫೋನ್ 'ಐಪಿ ವಿಳಾಸ ಪಡೆಯಲಾಗುತ್ತಿದೆ' ಅಂತ ತಿರುಗ್ತಾ ಇರ್ತದ.

ಲೀಸ್ ಎರಡು ತಾಸು ಮಾಡ್ರಿ, ಪೂಲ್ 20ರಿಂದ 250 ಮಾಡ್ರಿ. ಆದ್ರ ಆ ಖಾನೆ ಸೆಕೆಂಡ್‌ದಾಗ ಕೇಳ್ತದೋ, ನಿಮಿಷದಾಗ ಕೇಳ್ತದೋ ಮೊದಲು ನೋಡ್ರಿ. 86400 ಅಂತ ಇದ್ದರ ಅದು ಸೆಕೆಂಡ್, ಎರಡು ತಾಸಿಗೆ 7200. 1440 ಇದ್ದರ ನಿಮಿಷ, ಎರಡು ತಾಸಿಗೆ 120. ಸೆಕೆಂಡ್ ಖಾನೆಯಾಗ 120 ಹಾಕಿದ್ರ ಲೀಸ್ ಎರಡೇ ನಿಮಿಷದ್ದಾಗ್ತದ. ಸಾಧನಗಳು ಅರ್ಧ ಅವಧಿಗೆ ನವೀಕರಣ ಕೇಳ್ತಾವ, ಅಂದ್ರ ನಿಮಿಷಕ್ಕೊಮ್ಮೆ ಎಂಬತ್ತು ಸಾಧನ ಕೇಳ್ಲಿಕ್ಕೆ ಶುರು ಮಾಡ್ತಾವ, ಸಣ್ಣ ಡಬ್ಬಿ ಸುಸ್ತಾಗ್ತದ.

ವಿಳಾಸ ಉಳಿದಿದ್ರೂ ಫೋನ್ ಸೇರ್ಲಿಲ್ಲ ಅಂದ್ರ ತಪ್ಪು ಡಿಎಚ್‌ಸಿಪಿದಲ್ಲ. ಫೈಬರ್ ಡಬ್ಬಿ ವೈಫೈಗೆ ಒಂದು ಹೆಸರಿನ ಮ್ಯಾಲ ಇಷ್ಟೇ ಸಾಧನ ಅಂತ ಮಿತಿ ಇರ್ತದ, ಎಷ್ಟೋ ಡಬ್ಬಿಯಾಗ 32. ಅದಕ್ಕ ಬ್ಯಾರೆ ಆಕ್ಸೆಸ್ ಪಾಯಿಂಟ್ ಹಾಕೋದೇ ದಾರಿ.

ಸೇಡಂ_ರೋಡ್_ಕಲಬುರಗಿ

ಎಲ್ಲಾ ಮಾಡಿದ್ದಾಯ್ತು. ಡಿವಿಆರ್ 30ಕ್ಕ ಅದ, ಮ್ಯಾಲ ಕೆಳಗ ಎಲ್ಲಾ ಕಡೆ 192.168.1 ವಿಳಾಸ ಬರ್ಲಕತ್ತಾವ. ಎರಡು ಉಳದಾವ. ಒಂದು ಫೋನ್ 'ಖಾಸಗಿ ಡಿಎನ್‌ಎಸ್ ಸರ್ವರ್ ಪ್ರವೇಶಿಸಲು ಸಾಧ್ಯವಿಲ್ಲ' ಅಂತದ. ಮತ್ತ ಲ್ಯಾಪ್‌ಟಾಪ್‌ನ್ಯಾಗ ಕೆಲವು ಸೈಟ್ ಒಮ್ಮೊಮ್ಮೆ ತೆರಿಯಂಗಿಲ್ಲ, ವಾಟ್ಸಾಪ್ ಮಾತ್ರ ನಡೀತದ.

ಬೀದರ್_ಲ್ಯಾನ್

ಈಗ ಡಿಎನ್‌ಎಸ್ ಪಾಳಿ.

ಫೋನ್‌ದು ಸರಳ ಅದ. ಆಂಡ್ರಾಯ್ಡ್ 9ರಿಂದ ಖಾಸಗಿ ಡಿಎನ್‌ಎಸ್ ಸೆಟ್ಟಿಂಗ್ ಅದ. ಅದರೊಳಗ ಯಾವುದಾದ್ರೂ ಹೆಸರು ಹಾಕಿಟ್ಟಿದ್ರ ಫೋನ್ 853ನೇ ಪೋರ್ಟ್ ಮ್ಯಾಲ ಅದೇ ಸರ್ವರ್‌ಗೆ ಹೋಗ್ತದ. ಅದು ಸಿಗದಿದ್ರ ರೌಟರ್ ಕೊಟ್ಟ ಡಿಎನ್‌ಎಸ್‌ಗೆ ತಿರುಗಂಗಿಲ್ಲ, ಸೀದಾ ನೆಟ್ ಇಲ್ಲ ಅಂತದ. ಹಳೇ ಜಾಹೀರಾತು ತಡೆ ಸರ್ವರ್ ಹೆಸರು ಯಾರೋ ಹಾಕಿ ಮರೆತಿರ್ತಾರ. 'ಸ್ವಯಂಚಾಲಿತ'ಕ್ಕೆ ಇಡ್ರಿ. ಆ ಖಾನೆಯೊಳಗ ಹೆಸರೇ ಹಾಕಬೇಕು, 8.8.8.8 ಅಂತ ಅಂಕಿ ಹಾಕಿದ್ರ ಸೇವ್ ಆಗಂಗಿಲ್ಲ.

ಲ್ಯಾಪ್‌ಟಾಪ್‌ದು: ಸೈಟ್ ತೆರೀದೇ ಇದ್ದ ಹೊತ್ತಿನ್ಯಾಗೇ ಪರೀಕ್ಷಾ ಮಾಡ್ರಿ. ಮೊದಲು ಪಿಂಗ್ 8.8.8.8. ಉತ್ತರ ಬಂದ್ರ ದಾರಿ ಸರಿ ಅದ. ಆಮ್ಯಾಲ ಎನ್‌ಎಸ್‌ಲುಕಪ್ ಹಾಕಿ ಸೈಟ್ ಹೆಸರು ಕೊಡ್ರಿ, ಅದೇ ಹೆಸರು ಕೊನೀಗೆ 1.1.1.1 (ಹೊರಗಿನ ಇನ್ನೊಂದು ಡಿಎನ್‌ಎಸ್ ಸರ್ವರ್) ಸೇರಿಸಿ ಇನ್ನೊಮ್ಮೆ ಕೊಡ್ರಿ. ಮೊದಲನೇದಕ್ಕ 'ಟೈಮ್ಡ್ ಔಟ್', ಎರಡನೇದಕ್ಕ ಉತ್ತರ ಬಂದ್ರ ತೊಂದರಿ ಡಬ್ಬಿಯೊಳಗಿನ ಡಿಎನ್‌ಎಸ್‌ದು, ಇಲ್ಲಾ ಅದು ಕೇಳೋ ಕಂಪನಿ ಸರ್ವರ್‌ದು. ಎರಡಕ್ಕೂ 'ನಾನ್-ಎಕ್ಸಿಸ್ಟೆಂಟ್ ಡೊಮೇನ್' ಬಂದ್ರ ಹೆಸರೇ ತಪ್ಪು ಹೊಡೆದೀರಿ. ಎರಡೂ ಟೈಮ್ ಔಟ್ ಆದ್ರ ಡಿಎನ್‌ಎಸ್ ಬಳಸೋ 53ನೇ ಪೋರ್ಟ್ ಎಲ್ಲೋ ತಡೆದದ, ಇಲ್ಲಾ ಲೈನ್‌ನ್ಯಾಗೇ ಪ್ಯಾಕೆಟ್ ಬೀಳ್ಲಕತ್ತಾವ.

ವಾಟ್ಸಾಪ್ ನಡೆಯೋದು ಗುರುತು ಆಗಬಹುದೇ ಹೊರತು ಸಾಕ್ಷಿ ಅಲ್ಲ. ಅದರ ಕನೆಕ್ಷನ್ ಮೊದಲೇ ತೆರೆದಿರ್ತದ, ಪ್ರತಿ ಸಲ ಹೆಸರು ಕೇಳಬೇಕಾಗಿಲ್ಲ.

ಸೇಡಂ_ರೋಡ್_ಕಲಬುರಗಿ

ಮೊದಲನೇದು ಟೈಮ್ಡ್ ಔಟ್, 1.1.1.1ಕ್ಕ ತಕ್ಷಣ ಉತ್ತರ. ಆದ್ರ ಅಡಾಪ್ಟರ್‌ನ್ಯಾಗ 8.8.8.8 ಇನ್ನೂ ಹಂಗೇ ಅದ, ಆದ್ರೂ ಎನ್‌ಎಸ್‌ಲುಕಪ್ ಮೊದಲ ಸಾಲಿನ್ಯಾಗ ಸರ್ವರ್ ಅಂತ ಎಫ್‌ಇ80ರಿಂದ ಶುರುವಾಗೋ ಏನೋ ಉದ್ದ ವಿಳಾಸ ತೋರಿಸ್ತದ. ಇದು ಯಾವುದ್ರೀ?

ಹುಮನಾಬಾದ್_ಪೈ

ಅದು ಐಪಿವಿ6 (ಐಪಿವಿ4ರ ನಂತರ ಬಂದ ಉದ್ದ ವಿಳಾಸ ಪದ್ಧತಿ). ಎಫ್‌ಇ80 ಅಂದರೆ ನಿಮ್ಮ ಫೈಬರ್ ಡಬ್ಬಿಯ ಸ್ಥಳೀಯ ವಿಳಾಸ. ಡಬ್ಬಿ ಡಿಎಚ್‌ಸಿಪಿ ಮೂಲಕ ಐಪಿವಿ4 ಡಿಎನ್‌ಎಸ್ ಕೊಡುತ್ತದೆ, ಅದರ ಜೊತೆಗೇ ರೌಟರ್ ಅಡ್ವರ್ಟೈಸ್‌ಮೆಂಟ್ ಅನ್ನೋ ಸಂದೇಶದಲ್ಲಿ ಐಪಿವಿ6 ಡಿಎನ್‌ಎಸ್ ಅನ್ನೂ ಹಂಚುತ್ತದೆ. ನೀವು ಬದಲಿಸಿದ್ದು ಐಪಿವಿ4 ಖಾನೆ ಮಾತ್ರ. ವಿಂಡೋಸ್ ಇಲ್ಲಿ ಐಪಿವಿ6ನದ್ದನ್ನೇ ಮೊದಲು ಕೇಳುತ್ತಿದೆ. ಡಿಎನ್‌ಎಸ್ ಬದಲಿಸಿಯೂ ಏನೂ ಆಗಲಿಲ್ಲ ಅನ್ನುವವರಲ್ಲಿ ಬಹಳ ಜನರಿಗೆ ಇದೇ ಕಾರಣ.

ಸರಿಯಾದ ಜಾಗ ಡಬ್ಬಿಯೇ. ಲ್ಯಾನ್ ವಿಭಾಗದ ಐಪಿವಿ6 ಪುಟದಲ್ಲಿ ಡಿಎನ್‌ಎಸ್ ಮೂಲ 'ವ್ಯಾನ್‌ನಿಂದ' ಅಥವಾ 'ಪ್ರಾಕ್ಸಿ' ಅಂತ ಇರುತ್ತದೆ, ಅದನ್ನು ಸ್ಟ್ಯಾಟಿಕ್ ಮಾಡಿ 2001:4860:4860::8888 ಮತ್ತು 2606:4700:4700::1111 ಹಾಕಿ. ಮೊದಲನೆಯದು ಗೂಗಲ್, ಎರಡನೆಯದು ಕ್ಲೌಡ್‌ಫ್ಲೇರ್. ಐಪಿವಿ4 ಡಿಎಚ್‌ಸಿಪಿ ಪುಟದಲ್ಲಿ 8.8.8.8 ಮತ್ತು 1.1.1.1. ಲ್ಯಾಪ್‌ಟಾಪ್ ಅಡಾಪ್ಟರ್‌ನಲ್ಲಿ ಕೈಯಿಂದ ಹಾಕಿದ್ದನ್ನು ತೆಗೆದು ಮತ್ತೆ ಆಟೋಮ್ಯಾಟಿಕ್ ಮಾಡಿ. ಇಲ್ಲದಿದ್ದರೆ ಮುಂದೆ ಡಬ್ಬಿಯಲ್ಲಿ ಏನು ಬದಲಿಸಿದರೂ ಈ ಲ್ಯಾಪ್‌ಟಾಪ್ ಕೇಳೋದಿಲ್ಲ.

ಬದಲಿಸಿದ ಮೇಲೆ ಐಪಿಕಾನ್ಫಿಗ್ /ರಿನ್ಯೂ, ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್. ಫೋನ್‌ನಲ್ಲಿ ವೈಫೈ ಆಫ್ ಮಾಡಿ ಆನ್ ಮಾಡಿದರೆ ಸಾಕು. ಲಿನಕ್ಸ್‌ನಲ್ಲಿ ಯಾವ ಸರ್ವರ್ ಬಳಕೆಯಲ್ಲಿದೆ ಅಂತ ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ತೋರಿಸುತ್ತದೆ.

ಭಾಲ್ಕಿ_ನೆಟ್

ಇಷ್ಟೆಲ್ಲಾ ಯಾಕ್ರಿ, ಐಪಿವಿ6 ಬಂದ್ ಮಾಡಿದ್ರ ಮುಗೀತು.

ಹುಮನಾಬಾದ್_ಪೈ

ಬೇಡ. ಡಬ್ಬಿಯ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಇದ್ದರೆ ಐಪಿವಿ4ನಲ್ಲಿ ನೀವು ಕಂಪನಿಯ ಹಂಚಿಕೆ ನ್ಯಾಟ್‌ನ ಹಿಂದೆ ಇದ್ದೀರಿ, ಒಂದೇ ಹೊರವಿಳಾಸದಲ್ಲಿ ಹಲವು ಮನೆ. ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ಒಳಗಿನ ಸಾಧನಕ್ಕೆ ಕಳಿಸುವ ಸೆಟ್ಟಿಂಗ್) ಮಾಡಿದರೂ ಹೊರಗಿನಿಂದ ಒಳಗೆ ಬರೋದಿಲ್ಲ. ಆ ಮನೆಗೆ ನೇರ ದಾರಿ ಅಂತ ಉಳಿದಿರೋದು ಐಪಿವಿ6 ಒಂದೇ. ಕೆಟ್ಟಿರೋದು ಡಿಎನ್‌ಎಸ್ ಸರ್ವರ್, ಐಪಿವಿ6 ಅಲ್ಲ. ಡಬ್ಬಿಯಲ್ಲಿ ಆ ಪುಟಕ್ಕೆ ಕಂಪನಿ ಬೀಗ ಹಾಕಿದ್ದರೆ ಗ್ರಾಹಕ ಸೇವೆಗೆ ಫೋನ್ ಮಾಡಿ ಬದಲಿಸಲು ಕೇಳಿ, ಅಥವಾ ಆಯಾ ಲ್ಯಾಪ್‌ಟಾಪ್‌ನ ಐಪಿವಿ6 ಖಾನೆಯಲ್ಲಿ ಡಿಎನ್‌ಎಸ್ ಮಾತ್ರ ಕೈಯಿಂದ ಹಾಕಿ.

ಆಳಂದ_ಪೈ_ಹೋಲ್

ಇಲ್ಲೇ ಕೇಳ್ತೀನ್ರಿ. ರಾಸ್ಪ್‌ಬೆರಿ ಪೈ (ಸಣ್ಣ ಕಂಪ್ಯೂಟರ್ ಬೋರ್ಡ್) ಮ್ಯಾಲ ಪೈ-ಹೋಲ್ (ಜಾಹೀರಾತು ತಡಿಯೋ ಡಿಎನ್‌ಎಸ್ ಸರ್ವರ್) ಅದ, ವಿಳಾಸ 192.168.1.5. ಡಬ್ಬಿಯಾಗ ಪ್ರೈಮರಿ 192.168.1.5, ಸೆಕೆಂಡರಿ 8.8.8.8. ಜಾಹೀರಾತು ಒಮ್ಮೆ ನಿಲ್ತಾವ, ಒಮ್ಮೆ ಬರ್ತಾವ. ಇನ್ನೊಂದು, ವಾರಗಟ್ಟಲೆ ಮನಿ ಬೀಗ ಹಾಕಿ ಎಲ್ಲಾ ಬಂದ್ ಇಟ್ಟು ಚಾಲೂ ಮಾಡಿದ್ರ ಪೈ-ಹೋಲ್ ಯಾವ ಹೆಸರಿಗೂ ಉತ್ತರ ಕೊಡಂಗಿಲ್ಲ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರದ ಸಹಿ ತಪಾಸಣೆ) ಚಾಲೂ ಅದ.

ಹುಮನಾಬಾದ್_ಪೈ

ಮೊದಲನೆಯದು: ಸೆಕೆಂಡರಿ ಅಂದರೆ ಮೊದಲನೆಯದು ಸತ್ತಾಗ ಮಾತ್ರ ಅಂತಲ್ಲ. ಸ್ವಲ್ಪ ತಡವಾದರೂ ಸಾಧನ ಎರಡನೆಯದಕ್ಕೆ ಹೋಗುತ್ತದೆ, ಕೆಲವು ಅಲ್ಲೇ ಉಳಿದುಬಿಡುತ್ತವೆ. 8.8.8.8 ಜಾಹೀರಾತು ತಡೆಯೋದಿಲ್ಲ. ಎರಡನೇ ಖಾನೆ ಖಾಲಿ ಬಿಡಿ. ಖಾಲಿ ಬಿಡಲು ಡಬ್ಬಿ ಒಪ್ಪದಿದ್ದರೆ ಎರಡರಲ್ಲೂ 192.168.1.5 ಹಾಕಿ. ಮೇಲೆ ಹೇಳಿದ ಐಪಿವಿ6 ದಾರಿಯೂ ಪೈ-ಹೋಲ್ ತಪ್ಪಿಸುತ್ತದೆ, ಅದನ್ನೂ ನೋಡಿ.

ಎರಡನೆಯದು ಗಡಿಯಾರದ ತೊಂದರೆ. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಪೈ 5ರಲ್ಲಿ ಇದೆ, ಆದರೆ ಬ್ಯಾಟರಿ ಬೇರೆ ಹಾಕಬೇಕು. ಬಂದ್ ಆಗುವ ಮೊದಲು ಉಳಿಸಿಟ್ಟ ಸಮಯದಿಂದಲೇ ಪೈ ಮತ್ತೆ ಶುರು ಮಾಡುತ್ತದೆ. ಒಂದೆರಡು ತಾಸು ಕರೆಂಟ್ ಹೋದರೆ ಏನೂ ಆಗದು. ಹತ್ತು ದಿನ ಆರಿದ್ದರೆ ಪೈ ಹತ್ತು ದಿನ ಹಿಂದಿರುತ್ತದೆ. ಡಿಎನ್‌ಎಸ್‌ಸೆಕ್ ಸಹಿಗಳಿಗೆ ಶುರುವಾಗುವ ದಿನ, ಮುಗಿಯುವ ದಿನ ಎರಡೂ ಇವೆ. ಪೈ ಲೆಕ್ಕದಲ್ಲಿ ಇಂದಿನ ಸಹಿ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ಉತ್ತರ ತಿರಸ್ಕರಿಸಿ ಸರ್ವ್‌ಫೇಲ್ (ಉತ್ತರ ಕೊಡಲಾಗಲಿಲ್ಲ) ಅನ್ನುತ್ತದೆ. ಸಮಯ ಸರಿಮಾಡಲು ಸಮಯದ ಸರ್ವರ್ ಬೇಕು, ಅದರ ಹೆಸರು ಹುಡುಕಲು ಡಿಎನ್‌ಎಸ್ ಬೇಕು, ಪೈ ತನ್ನನ್ನೇ ಕೇಳಿಕೊಳ್ಳುತ್ತದೆ. ಅಲ್ಲಿಗೆ ಗಂಟು ಬಿತ್ತು.

ಗಂಟು ಬಿಡಿಸಲು ಸಮಯದ ಸರ್ವರನ್ನು ಅಂಕಿಯಲ್ಲೇ ಕೊಡಿ. ಸಿಸ್ಟಮ್‌ಡಿಯ ಟೈಮ್‌ಸಿಂಕ್‌ಡಿ ಸಂರಚನಾ ಕಡತದಲ್ಲಿ ಎನ್‌ಟಿಪಿ ಸಾಲಿನ ಎದುರು 162.159.200.1 ಮತ್ತು 162.159.200.123 ಬರೆದು ಆ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಎರಡೂ ಕ್ಲೌಡ್‌ಫ್ಲೇರ್‌ನ ಸಮಯದ ಸರ್ವರ್‌ಗಳು. ನೆಟ್ ಇಲ್ಲದಾಗಲೂ ಸಮಯ ಸರಿ ಇರಬೇಕಂದರೆ ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿ. ಬರೀ ಡಿಎನ್‌ಎಸ್‌ಸೆಕ್ ಬಂದ್ ಮಾಡೋದು ನನಗೆ ಸರಿ ಕಾಣೋದಿಲ್ಲ, ಗಡಿಯಾರ ತಪ್ಪಾಗಿದ್ದರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರಗಳೂ ಕೈಕೊಡುತ್ತವೆ.

ಸೇಡಂ_ರೋಡ್_ಕಲಬುರಗಿ

ಐಪಿವಿ6 ಡಿಎನ್‌ಎಸ್ ಬದಲಿಸಿದ ಮ್ಯಾಲ ಸೈಟ್ ತೆರೀಲಕತ್ತಾವ್ರಿ. ಒಂದೇ ಒಂದು ಸೈಟ್ ಮಾತ್ರ ಎನ್‌ಎಸ್‌ಲುಕಪ್‌ಗೆ ಲಗೂನ ಉತ್ತರ ಕೊಡ್ತದ, ಪುಟ ಅರ್ಧಕ್ಕ ನಿಲ್ತದ.

ಬೀದರ್_ಲ್ಯಾನ್

ಹೆಸರಿಗೆ ಉತ್ತರ ಬಂತಂದ್ರ ಡಿಎನ್‌ಎಸ್ ಕೆಲಸ ಅಲ್ಲಿಗೆ ಮುಗೀತು. ಎಮ್‌ಟಿಯು (ಒಮ್ಮೆಗೆ ಹೋಗೋ ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ದಾಗ) ನೋಡ್ರಿ. ಡಬ್ಬಿಯಾಗ ಪಿಪಿಪಿಒಇ (ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಹಾಕೋ) ಲಾಗಿನ್ ಇದ್ದರ ಮಿತಿ 1500 ಅಲ್ಲ, 1492. ಪಿಂಗ್ 1.1.1.1 -ಎಫ್ -ಎಲ್ 1464 ಹೊಡೀರಿ, 1464ಕ್ಕ 28 ಬೈಟ್ ಹೆಡರ್ ಕೂಡಿದ್ರ 1492. ಉತ್ತರ ಬಂದು 1465ಕ್ಕ ನಿಂತ್ರ ಲೆಕ್ಕ ಸರಿ, ಡಬ್ಬಿಯ ವ್ಯಾನ್ ಎಮ್‌ಟಿಯು 1492 ಇರ್ಲಿ. 1464ಕ್ಕೇ ನಿಂತ್ರ ಹತ್ತು ಹತ್ತು ಇಳಿಸಿ, ನಡೀವ ಅಂಕಿಗೆ 28 ಕೂಡಿ ಅದನ್ನ ಹಾಕ್ರಿ.

ಮತ್ತ, ಕರೆಂಟ್ ಮಿಣುಕಿದಾಗೊಮ್ಮೆ ಡಬ್ಬಿ ರೀಸ್ಟಾರ್ಟ್ ಆಗೋದು ತಪ್ಪಿಸ್ಲಿಕ್ಕೆ ಸಣ್ಣ ಡಿಸಿ ಯುಪಿಎಸ್ ಹಚ್ಚ್ರಿ. ಮೊದಲು ಎರಡೂ ಅಡಾಪ್ಟರ್ ಮ್ಯಾಲಿನ ಅಕ್ಷರ ಓದ್ರಿ. ಫೈಬರ್ ಡಬ್ಬಿ ಬಹುತೇಕ 12 ವೋಲ್ಟ್, ಸಣ್ಣ ರೌಟರ್ 9 ವೋಲ್ಟ್ ಇರಬಹುದು. ಪಿನ್ ಹೊಂದ್ತದ ಅಂತ 9 ವೋಲ್ಟ್‌ದಕ್ಕ 12 ಕೊಟ್ರ ಸುಡ್ತದ.

ಹಾಸ್ಟೆಲ್_ವೈಫೈ_ಯಾದಗಿರಿ

ವೈಫೈ ಎಕ್ಸ್‌ಟೆಂಡರ್ ಹಾಕಿದ್ದವರಿಗೂ ಇದೇ ಅನ್ವಯ ಆಗ್ತದಾ? ಅದಕ್ಕ ಡಿಎಚ್‌ಸಿಪಿ ಇರಂಗಿಲ್ಲ ಅಂತಾರ.

ಶಹಾಪುರ_ಸ್ವಿಚ್

ಕೆಲವಕ್ಕೆ ಇದೆ. ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ಎದುರು 'ಆಟೋ' ಅಂತ ಇದ್ದರೆ, ಮುಖ್ಯ ರೌಟರ್ ಸಿಗದಿದ್ದಾಗ ಎಕ್ಸ್‌ಟೆಂಡರ್ ತಾನೇ ವಿಳಾಸ ಹಂಚಲು ಶುರು ಮಾಡುತ್ತದೆ. ಕರೆಂಟ್ ಬಂದ ಮೇಲೆ ಎಕ್ಸ್‌ಟೆಂಡರ್ ಮೊದಲು ಎದ್ದರೆ ಮತ್ತೆ ಅದೇ ಎರಡು ಸರ್ವರ್ ಕಥೆ. ಸೆಟಪ್ ಮುಗಿದ ಮೇಲೆ 'ಆಟೋ' ತೆಗೆದು 'ಆಫ್' ಮಾಡಿ, ಮುಖ್ಯ ರೌಟರ್‌ನಲ್ಲಿ ಎಕ್ಸ್‌ಟೆಂಡರ್‌ಗೊಂದು ವಿಳಾಸ ರಿಸರ್ವ್ ಮಾಡಿಡಿ, ಮುಂದೆ ಅದರ ಪುಟ ತೆರೆಯಲು ಬೇಕಾಗುತ್ತದೆ.